ಹುಳ ನರಳುತ್ತದೋ ಇಲ್ಲವೋ: ಅಧ್ಯಯನ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕದ ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರ ಮತ್ತು ಕೃಷಿ ಕೀಟಶಾಸ್ತ್ರ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಹಾಗೂ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ನನ್ನ ಅಣ್ಣನ ಮಗಳು ಬಿಎಸ್ಸಿ ಅಗ್ರಿ ಓದುತ್ತಿದ್ದಾಳೆ. ಬಟ್ಟೆ ಬ್ಯಾಗನ್ನು ಬಸ್ಸಿನ ಡಿಕ್ಕಿಗೆ ಹಾಕಿ, ಇನ್ಸೆಕ್ಟ್ ಬಾಕ್ಸನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಗಾಜಿನ ಮುಚ್ಚಳ, ಒಳಗೆ ಥರ್ಮೊಕೋಲ್, ಮೂಲೆಯಲ್ಲಿ ನುಸಿಗುಳಿಗೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೂರು ಕೀಟ ಹಿಡಿದು, ಕೊಂದು, ಪಿನ್ ಮಾಡಿ, ಲೇಬಲ್ ಹಚ್ಚಿ ಒಪ್ಪಿಸಬೇಕಂತೆ. ಆಗಲೇ ನಲವತ್ತು ಆಗಿದ್ದವು. ಉಳಿದದ್ದಕ್ಕೆ ನಮ್ಮ ತೋಟ.

ಸಂಜೆ ಬೀದಿ ದೀಪದ ಕೆಳಗೆ ಅವಳಿಗೆ ಒಂದು ಕೊಂಬಿನ ದುಂಬಿ ಸಿಕ್ಕಿತು. ತೆಂಗಿನ ಸುಳಿ ಕೊರೆಯುತ್ತದಲ್ಲ, ಆ ಕಪ್ಪು ದುಂಬಿ. ಕಿಲ್ಲಿಂಗ್ ಬಾಟಲಿಗೆ ಹಾಕಿದಳು. ಹಳೇ ಹಾರ್ಲಿಕ್ಸ್ ಬಾಟಲಿಯ ತಳಕ್ಕೆ ಪ್ಲಾಸ್ಟರ್ ಹಾಕಿ, ಅದರ ಮೇಲೆ ಈಥೈಲ್ ಅಸಿಟೇಟ್ ಸುರಿದದ್ದು, ನೈಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ ಬರುತ್ತದೆ. ಅರ್ಧ ಗಂಟೆಗೆ ದುಂಬಿ ಅಲುಗಾಡುವುದು ನಿಲ್ಲಿಸಿತು. ಪುಸ್ತಕದಲ್ಲಿ ಹೇಳಿದ ಜಾಗಕ್ಕೇ, ಬಲಗಡೆ ರೆಕ್ಕೆಯ ಚಿಪ್ಪಿನ ಮೇಲೆ, ಪಿನ್ ಚುಚ್ಚಿದಳು. ಆ ರಾತ್ರಿ ಕೋಣೆಯಲ್ಲಿ ಏನೋ ಕೆರೆಯುವ ಸದ್ದು. ಇಲಿ ಇರಬೇಕು ಅಂತ ನಾನು ಮಗ್ಗಲು ಬದಲಿಸಿ ಮಲಗಿದೆ. ಬೆಳಿಗ್ಗೆ ಅವಳು ಬಂದು ಎಬ್ಬಿಸಿದಳು. "ಅತ್ತೆ, ಇದಿನ್ನೂ ಬದುಕಿದೆ."

ಬದುಕಿತ್ತು. ಪಿನ್ನಿನ ಸುತ್ತ ಆರೂ ಕಾಲು ಥರ್ಮೊಕೋಲನ್ನು ಕೆರೆದು ಕೆರೆದು, ದುಂಬಿಯ ಸುತ್ತ ಒಂದು ಬಿಳೀ ಪುಡಿಯ ವೃತ್ತವೇ ಆಗಿತ್ತು. ಪಕ್ಕದ ಚಿಟ್ಟೆಯ ರೆಕ್ಕೆ ಹರಿದಿತ್ತು. ಹುಡುಗಿ ಅಳುತ್ತಿರಲಿಲ್ಲ, ಆದರೆ ಕೈ ನಡುಗುತ್ತಿತ್ತು. ನಮ್ಮವ್ವ ಬಂದು ನೋಡಿದರು. ಇದೇ ದುಂಬಿಗೆ ಕಬ್ಬಿಣದ ಕೊಕ್ಕೆ ಹಾಕಿ ಸುಳಿಯಿಂದ ಎಳೆದು ಹಾಕಿಸಿದವರು ಅವರು, ಅದರ ಬಗ್ಗೆ ಪ್ರೀತಿ ಏನೂ ಇಲ್ಲ. ಅವರು ಹೇಳಿದ್ದು ಇಷ್ಟೇ: "ತೆಂಗು ತಿನ್ನೋ ಹುಳ, ಸಾಯ್ಸೋದಾದ್ರೆ ಸಾಯ್ಸಿ. ಹಿಂಗ್ ನೇತಾಕ್ಬೇಡಿ."

ನಾನು ರಾಮನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸಂಶೋಧಕಿ ಅಲ್ಲ. ನಿಮ್ಮ ಮುಂದೆ ಕೀಟಶಾಸ್ತ್ರ ಮಾತಾಡುವ ಯೋಗ್ಯತೆ ನನಗಿದೆ ಅಂತಲೂ ಅಂದುಕೊಂಡಿಲ್ಲ. ಆದರೆ ಸಿಲೆಬಸ್ ಬರೆಯುವವರು ನೀವು. ಆ ಸಿಲೆಬಸ್ ಮಕ್ಕಳ ಕೈಯಲ್ಲಿ ಏನು ಮಾಡಿಸುತ್ತಿದೆ ಅನ್ನುವುದನ್ನು ಕಂಡವಳು ಬರೆದರೆ ತಪ್ಪಿಲ್ಲ ಅನ್ನಿಸಿತು.

ಇದು ಹೊಸದೇನೂ ಅಲ್ಲ, ನನ್ನ ಕಾಲದಲ್ಲೂ ಇತ್ತು. ತೊಂಬತ್ತರ ದಶಕದಲ್ಲಿ ನಾನು ಸಿಬಿಝೆಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಬಿಎಸ್ಸಿ ಓದಿದೆ. ಕಾಲೇಜಿನ ಹೆಸರು ಬೇಡ, ಇದು ಒಂದು ಕಾಲೇಜಿನ ಕಥೆಯಲ್ಲ. ಜಿರಳೆ ಡಿಸೆಕ್ಷನ್ ದಿನ ಅಟೆಂಡರ್ ಒಂದು ಸಕ್ಕರೆ ಚೀಲದಲ್ಲಿ ಜಿರಳೆ ತರುತ್ತಿದ್ದರು. ಕ್ಲೋರೋಫಾರ್ಮ್ ಇದ್ದರೆ ಹತ್ತಿಯಲ್ಲಿ ಅದ್ದಿ ಡಬ್ಬಿಗೆ ಹಾಕುವುದು. ಒಂದು ಸಲ ಕ್ಲೋರೋಫಾರ್ಮ್ ಮುಗಿದಿತ್ತು. "ಪರವಾಗಿಲ್ಲ, ಪಿನ್ ಹೊಡೀರಿ, ಎಲ್ಲಿ ಹೋಗುತ್ತೆ?" ಅಂದರು. ಹಾಗೇ ಮಾಡಿದೆವು. ಮೇಣದ ಟ್ರೇ, ಮೇಲೆ ನೀರು, ಬೆನ್ನಿನ ಚಿಪ್ಪನ್ನು ಒಂದೊಂದಾಗಿ ಕತ್ತರಿಸಿ ಎತ್ತಿದರೆ ಒಳಗೆ ಬಿಳೀ ಕೊಬ್ಬು, ಬೆಳ್ಳಿ ದಾರದಂಥ ಉಸಿರಾಟದ ನಾಳಗಳು, ಹಳದಿ ಎಳೆಯಂಥ ಮಾಲ್ಪಿಘಿಯನ್ ನಾಳಗಳು. ನೋಡಲು ಚಂದ. ಸುಳ್ಳು ಹೇಳುವುದಿಲ್ಲ, ನನಗೆ ಅವತ್ತು ಬಹಳ ಖುಷಿಯಾಗಿತ್ತು, ಪ್ರಾಣಿಶಾಸ್ತ್ರ ಇಷ್ಟವಾಗಿದ್ದೇ ಆ ಟ್ರೇಯಿಂದ. ಜಿರಳೆಯ ಮೀಸೆ ಮಾತ್ರ ಪೀರಿಯಡ್ ಮುಗಿಯುವವರೆಗೂ ಆಡುತ್ತಲೇ ಇತ್ತು. ರೆಕಾರ್ಡ್ ಪುಸ್ತಕದಲ್ಲಿ ಬಿಡಿಸುವಾಗ ಮೀಸೆಯನ್ನು ನೇರವಾಗಿ ಬರೆದೆ.

ಮರುವಾರ ಹಣ್ಣುನೊಣಗಳ ಪ್ರಾಕ್ಟಿಕಲ್. ಡ್ರೊಸೊಫಿಲಾ. ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಅವುಗಳ ಊಟದ ವಾಸನೆ ಇವತ್ತಿಗೂ ನೆನಪಿದೆ, ಹೆಚ್ಚುಕಡಿಮೆ ಕೇಸರಿಬಾತು. ಗಂಡು ಯಾವುದು, ಹೆಣ್ಣು ಯಾವುದು, ಕಣ್ಣು ಬಿಳಿಯೋ ಕೆಂಪೋ ಎಣಿಸಬೇಕು. ಆ ನೊಣಗಳಿಗೆ ಮಾತ್ರ ತಪ್ಪದೆ ಈಥರ್ ಕೊಡುತ್ತಿದ್ದೆವು. ಈಥರ್ ಇಲ್ಲದಿದ್ದರೆ ಪ್ರಾಕ್ಟಿಕಲ್ಲೇ ಕ್ಯಾನ್ಸಲ್. ಯಾಕೆ? ಹಾರಿಹೋಗುತ್ತವೆ ಅಂತ!

ಅರ್ಥವಾಯಿತಲ್ವಾ? ಹಾರಿಹೋಗುವ ನೊಣಕ್ಕೆ ಅರಿವಳಿಕೆ ಇತ್ತು, ಪಿನ್ ಹೊಡೆದರೆ ಅಲ್ಲೇ ಇರುವ ಜಿರಳೆಗೆ ಇರಲಿಲ್ಲ. ನಾವು ಕೊಡುತ್ತಿದ್ದ ಅರಿವಳಿಕೆ ನಮ್ಮ ಅನುಕೂಲಕ್ಕೆ. ಹುಳಕ್ಕೆ ನೋವಾಗುತ್ತದಾ ಅನ್ನುವ ಪ್ರಶ್ನೆಯನ್ನು ಆ ಮೂರು ವರ್ಷದಲ್ಲಿ ಯಾವ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ, ಪರೀಕ್ಷೆಯಲ್ಲೂ ಬರಲಿಲ್ಲ. ನನ್ನ ದೂರು ಇದೇ. ಹುಳವನ್ನು ಕೊಂದದ್ದಕ್ಕಿಂತ, ಈ ಪ್ರಶ್ನೆ ಕೇಳಲೇಬೇಕಿಲ್ಲ ಅಂತ ಮೂರು ವರ್ಷ ನಮಗೆ ಕಲಿಸಿದ್ದು ನನಗೆ ಜಾಸ್ತಿ ಚುಚ್ಚುತ್ತದೆ.

ಪ್ರಶ್ನೆ ಸುಲಭದ್ದಲ್ಲ, ಒಪ್ಪುತ್ತೇನೆ. ಕಾದ ಹೆಂಚು ಮುಟ್ಟಿದಾಗ ನಮ್ಮ ಕೈ ಮೊದಲು ಹಿಂದಕ್ಕೆ ಬರುತ್ತದೆ, ಉರಿ ಆಮೇಲೆ ಗೊತ್ತಾಗುತ್ತದೆ. ಕೈ ಹಿಂದಕ್ಕೆ ಬರುವುದು ಒಂದು, ಉರಿಯುವುದು ಇನ್ನೊಂದು. ಹುಳದಲ್ಲಿ ಮೊದಲನೆಯದು ಇದೆ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಎರಡನೆಯದು ಇದೆಯಾ ಅನ್ನುವುದೇ ಜಗಳ. ನಮ್ಮ ದುಂಬಿ ರಾತ್ರಿಯೆಲ್ಲ ಕೆರೆದದ್ದು ಬರೀ ಕಾಲಿನ ನರಗಳ ಆಟವೂ ಇರಬಹುದು. ತಲೆ ಕತ್ತರಿಸಿದ ಜಿರಳೆ ದಿನಗಟ್ಟಲೆ ಬದುಕುತ್ತದೆ, ಕಾಲಾಡಿಸುತ್ತದೆ. ಅಲುಗಾಡಿತು ಅಂದ ಮಾತ್ರಕ್ಕೆ ನರಳಿತು ಅಂತಾಗುವುದಿಲ್ಲ.

1984ರಲ್ಲಿ ಆಸ್ಟ್ರೇಲಿಯಾದ ಐಸೆಮನ್ ಮತ್ತು ಸಂಗಡಿಗರು ಇದೇ ಮಾತನ್ನು ಗಟ್ಟಿಯಾಗಿ ಬರೆದರು. ಕಾಲು ನಜ್ಜುಗುಜ್ಜಾದ ಕೀಟ ಆ ಕಾಲಿನ ಮೇಲೆ ಅದೇ ಭಾರ ಹಾಕಿ ನಡೆಯುತ್ತದೆ, ಕುಂಟುವುದಿಲ್ಲ. ಸೂರ್ಯನ ಕುದುರೆ (ಮ್ಯಾಂಟಿಸ್) ಹಿಂದಿನಿಂದ ತಿನ್ನುತ್ತಿದ್ದರೂ ಮಿಡತೆ ಮುಂದೆ ತನ್ನ ಎಲೆ ತಿನ್ನುತ್ತಲೇ ಇರುತ್ತದೆ. ಹೀಗಿರುವಾಗ ನೋವು ಎಲ್ಲಿ ಬಂತು? ಬಹಳ ವರ್ಷ ಎಲ್ಲರೂ ಇದನ್ನೇ ಹೇಳಿಕೊಂಡು ಬಂದರು. ನಮ್ಮ ಮೇಷ್ಟ್ರುಗಳು ಓದಿದ್ದೂ ಬಹುಶಃ ಇದನ್ನೇ. ಈ ಅವಲೋಕನಗಳು ಸುಳ್ಳೇನೂ ಅಲ್ಲ.

ಆದರೆ ಆಮೇಲೆ ಬಂದ ಕೆಲಸ ನೋಡಿ. 2003ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಹಣ್ಣುನೊಣದ ಮರಿಹುಳಕ್ಕೆ ಬಿಸಿ ಮುಟ್ಟಿಸಿದರು. ಅದು ಸುಮ್ನೆ ಹಿಂದೆ ಸರಿಯಲಿಲ್ಲ, ಉರುಳುರುಳಿ ಹೊರಳಾಡಿತು. ಮೆಲ್ಲಗೆ ಮುಟ್ಟಿದರೆ ಹಾಗೆ ಹೊರಳುವುದಿಲ್ಲ. ಒಂದು ಜೀನ್ ಕೆಟ್ಟಿದ್ದರೆ ಬಿಸಿಗೂ ಹೊರಳುವುದಿಲ್ಲ, ಆ ಜೀನಿಗೆ ಅವರು ಇಟ್ಟ ಹೆಸರು 'ಪೇನ್‌ಲೆಸ್'. ಹೆಸರಿಡುವಾಗ ನೋವು ಅಂತ ಬರೆಯಬಹುದು, ಎಥಿಕ್ಸ್ ಫಾರಂ ತುಂಬುವಾಗ ಬರೆಯಬೇಕಿಲ್ಲ. ವಿಚಿತ್ರ ಅಲ್ವಾ?

2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಹಣ್ಣುನೊಣದ ಒಂದು ಕಾಲು ತೆಗೆದು, ಗಾಯ ಪೂರ್ತಿ ಮಾಯುವವರೆಗೆ ಕಾದರು. ಮಾಯ್ದ ಮೇಲೂ ಉಳಿದ ಕಾಲುಗಳು ಮೊದಲಿಗಿಂತ ಕಡಿಮೆ ಬಿಸಿಗೇ ಬೆದರುತ್ತಿದ್ದವು. ಅಪಾಯದ ಸುದ್ದಿಗೆ ಕಡಿವಾಣ ಹಾಕುವ ನರಗಳು ಗಾಯದಿಂದಾಗಿ ಸತ್ತುಹೋಗಿದ್ದವಂತೆ. ಮನುಷ್ಯರಲ್ಲಿ ವರ್ಷಗಟ್ಟಲೆ ಕಾಡುವ ನರನೋವಿಗೆ ಔಷಧಿ ಹುಡುಕಲು ಇದು ದಾರಿಯಾಗಬಹುದು ಅಂತ ಅವರ ಆಸೆ. ನನ್ನ ತಲೆ ತಿರುಗಿದ್ದು ಇಲ್ಲಿ. ಔಷಧಿ ಹುಡುಕುವಾಗ ನೊಣದ ನೋವು ನಮ್ಮ ನೋವಿನ ಹಾಗೆ. ಕರುಣೆಯ ಮಾತು ಬಂದಾಗ ಮಾತ್ರ ಅದು ನೋವೇ ಅಲ್ಲ, ಬರೀ ಯಂತ್ರ. ಎರಡರಲ್ಲಿ ಒಂದನ್ನಾದರೂ ನಾವು ಸ್ವಲ್ಪ ಸಡಿಲ ಮಾಡಬೇಕಲ್ಲವೇ?

ಇನ್ನೊಂದು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ್ದು, 2022ರದ್ದು. ಬಂಬಲ್‌ಬೀ ಅನ್ನುವ ದಪ್ಪ ದುಂಬಿಯಂಥ ಜೇನ್ನೊಣಗಳ ಮುಂದೆ ಸಕ್ಕರೆ ನೀರಿನ ತಟ್ಟೆಗಳನ್ನು ಇಟ್ಟರು. ಕೆಲವು ತಟ್ಟೆ ತಣ್ಣಗೆ, ಕೆಲವು 55 ಡಿಗ್ರಿ ಬಿಸಿ. ಎರಡರಲ್ಲೂ ಸಿಹಿ ಒಂದೇ ಇದ್ದರೆ ಬಿಸಿ ತಟ್ಟೆಯ ಹತ್ತಿರ ಹೋಗುವುದಿಲ್ಲ. ತಣ್ಣನೆಯದರಲ್ಲಿ ಸಿಹಿ ಕಡಿಮೆ ಮಾಡುತ್ತಾ ಹೋದರೆ, ಸಿಹಿ ಜಾಸ್ತಿ ಇರುವ ಬಿಸಿ ತಟ್ಟೆಯನ್ನು ಸಹಿಸಿಕೊಂಡು ಹೋಗಿ ಕುಡಿಯುತ್ತವೆ. ಅಂದರೆ ಬರೀ ಬಟನ್ ಒತ್ತಿದ ಹಾಗೆ ಹಿಂದೆ ಸರಿಯುವುದಿಲ್ಲ. ತೂಗಿ ನೋಡುತ್ತವೆ. ಬೇಸಿಗೆ ಮಧ್ಯಾಹ್ನ ಕಾದ ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ನಿಂತು ಐಸ್‌ಕ್ಯಾಂಡಿಗೆ ಕಾಯುವ ನಮ್ಮ ಶಾಲೆ ಮಕ್ಕಳು ಮಾಡುವುದೂ ಇದನ್ನೇ. ಅದೇ ವಿಶ್ವವಿದ್ಯಾಲಯದ ಲಾರ್ಸ್ ಚಿಟ್ಕಾ ಅವರ ತಂಡ ಇದೇ ಬಂಬಲ್‌ಬೀಗಳಿಗೆ ಸಣ್ಣ ಮರದ ಚೆಂಡು ಕೊಟ್ಟು ನೋಡಿತು. ಯಾವ ಬಹುಮಾನವೂ ಇಲ್ಲದೆ ಅವು ಚೆಂಡು ಉರುಳಿಸಿದವು. ಮರಿ ಜೇನುಗಳು ಜಾಸ್ತಿ ಉರುಳಿಸಿದವು, ವಯಸ್ಸಾದವು ಕಡಿಮೆ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಅದೇ 2022ರಲ್ಲಿ 300ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು, ನೋವಿಗೆ ಎಂಟು ಒರೆಗಲ್ಲು ಮಾಡಿಕೊಂಡು, ಕೀಟಗಳ ಒಂದೊಂದು ಗುಂಪನ್ನೂ ಪರೀಕ್ಷಿಸಿದ ಒಂದು ವಿಮರ್ಶೆಯೂ ಬಂತು. ನೊಣ, ಸೊಳ್ಳೆಗಳ ಗುಂಪು ಎಂಟರಲ್ಲಿ ಆರು ದಾಟಿತು. ಜೊತೆಗೆ ಎಂಟರಲ್ಲಿ ಆರು ದಾಟಿದ ಇನ್ನೊಂದು ಗುಂಪು ಗೆದ್ದಲು ಮತ್ತು ಜಿರಳೆಗಳದ್ದು. ಹೌದು, ನಮ್ಮ ಟ್ರೇಯ ಜಿರಳೆ. ಇದು ನೋವಿದೆ ಅನ್ನುವುದಕ್ಕೆ ಕೊನೇ ಸಾಕ್ಷಿ ಅಂತ ಆ ಲೇಖಕರೂ ಹೇಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಿಜ್ಞಾನಿಗಳು, ತತ್ವಶಾಸ್ತ್ರಜ್ಞರು ಸೇರಿ ಒಂದು ಘೋಷಣೆಗೆ ಸಹಿ ಹಾಕಿದರು. ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಿಗೂ, ಆಕ್ಟೋಪಸ್, ಏಡಿ, ಕೀಟಗಳಂಥ ಹಲವು ಬೆನ್ನೆಲುಬಿಲ್ಲದ ಪ್ರಾಣಿಗಳಿಗೂ ಒಳಗಿನ ಅನುಭವ ಇರುವ ಸಾಧ್ಯತೆ ನಿಜವಾಗಿಯೂ ಇದೆ, ಆ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತೀರ್ಮಾನ ಮಾಡುವುದು ತಪ್ಪು ಅಂತ ಅದರಲ್ಲಿದೆ. ಅದಕ್ಕೂ ಮೊದಲೇ, 2022ರಲ್ಲಿ, ಬ್ರಿಟನ್ ತನ್ನ ಪ್ರಾಣಿ ಸಂವೇದನೆಯ ಕಾಯ್ದೆಯೊಳಗೆ ಏಡಿ, ಸಿಗಡಿಗಳನ್ನು ಸೇರಿಸಿತ್ತು. ಏಡಿಯಿಂದ ಜಿರಳೆಗೆ ಎಷ್ಟು ದೂರ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಮ್ಮ ಕಾಯ್ದೆ ಏನು ಹೇಳುತ್ತದೆ ಅಂತ ಕುತೂಹಲಕ್ಕೆ ತೆಗೆದು ನೋಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಜೀವ ಇರುವ ಯಾವುದೇ ಪ್ರಾಣಿ ಅಂತ ಎರಡನೇ ಸೆಕ್ಷನ್ನಿನಲ್ಲೇ ಇದೆ. ಬೆನ್ನೆಲುಬಿನ ಮಾತೇ ಇಲ್ಲ! ಪ್ರಯೋಗಗಳ ಉಸ್ತುವಾರಿ ಸಮಿತಿ ಏನನ್ನು ನೋಡಿಕೊಳ್ಳಬೇಕು ಅನ್ನುವುದು ಸೆಕ್ಷನ್ 17ರಲ್ಲಿದೆ. ಪುಸ್ತಕ, ಮಾದರಿ, ಫಿಲ್ಮ್ ಸಾಕಾಗುವ ಕಡೆ, ಅದರಲ್ಲೂ ಕಾಲೇಜುಗಳಲ್ಲಿ, ಪ್ರಯೋಗ ತಪ್ಪಿಸಬೇಕು. ಬರೀ ಕೈ ಪಳಗಿಸಿಕೊಳ್ಳಲು ಅಂತ ಆದಷ್ಟು ಮಾಡಬಾರದು. ದೊಡ್ಡ ಪ್ರಾಣಿಯ ಬದಲು ಗಿನಿಪಿಗ್, ಮೊಲ, ಕಪ್ಪೆ, ಇಲಿಯಂಥ ಸಣ್ಣ ಪ್ರಾಣಿ ಸಾಕಾದರೆ ಸಣ್ಣದನ್ನೇ ಬಳಸಬೇಕು. ಹೀಗೆ ಸಣ್ಣದು, ಇನ್ನೂ ಸಣ್ಣದು ಅಂತ ಮೆಟ್ಟಿಲು ಇಳಿಯುತ್ತಾ ಹೋದರೆ ಕೊನೆಗೆ ಸಿಗುವುದು ನೊಣ, ಜಿರಳೆ. ಅಲ್ಲಿ ಕೇಳುವವರು ಯಾರೂ ನಿಂತಿಲ್ಲ. ಇಲಿಯ ಮೇಲಿನ ಪ್ರಯೋಗಕ್ಕೆ ಎಥಿಕ್ಸ್ ಕಮಿಟಿ, ಅರ್ಜಿ, ಸಂಖ್ಯೆಗೆ ಸಮಜಾಯಿಷಿ, ಎಲ್ಲ ಬೇಕು. ಇಲಿಯ ಬದಲು ನೊಣ ಬಳಸಿದೆವು ಅಂದರೆ ಭೇಷ್ ಅನ್ನಿಸಿಕೊಳ್ಳಬಹುದು. ಎಷ್ಟು ನೊಣ ಅಂತ ಯಾರೂ ಕೇಳುವುದಿಲ್ಲ.

ಡಿಸೆಕ್ಷನ್ ಬಗ್ಗೆ ಯುಜಿಸಿ 2011ರಲ್ಲೇ ಹಂತಹಂತವಾಗಿ ನಿಲ್ಲಿಸಿ ಅಂತ ಮಾರ್ಗಸೂಚಿ ಕೊಟ್ಟಿತು, 2014ರಲ್ಲಿ ಇನ್ನೂ ಬಿಗಿ ಮಾಡಿತು. ಅದರಿಂದ ಕಪ್ಪೆ ಉಳಿಯಿತು, ಸಂತೋಷ. ಆದರೆ ಅಗ್ರಿ ಕೋರ್ಸಿನ ಇನ್ಸೆಕ್ಟ್ ಬಾಕ್ಸ್ ಡಿಸೆಕ್ಷನ್ ಅಲ್ಲ, ಪ್ರಯೋಗವೂ ಅಲ್ಲ. ಅದು 'ಅಸೈನ್‌ಮೆಂಟ್'. ಯಾವ ಕಮಿಟಿಯ ಬಾಗಿಲಿಗೂ ಅದು ಹೋಗುವುದಿಲ್ಲ.

ಆ ಅಸೈನ್‌ಮೆಂಟಿನ ಲೆಕ್ಕ ಹಾಕೋಣ. ನಮ್ಮ ಹುಡುಗಿಯ ಬ್ಯಾಚಿನಲ್ಲಿ 120 ಜನ. ತಲೆಗೆ ನೂರು ಅಂದರೆ 12,000 ಕೀಟ, ಒಂದು ಕಾಲೇಜು, ಒಂದು ವರ್ಷ. ಅವುಗಳಿಂದ ಏನು ಉಪಯೋಗವಾಯಿತು? ಮಾರ್ಕ್ಸ್ ಬಂದ ಮೇಲೆ ಬಾಕ್ಸುಗಳು ಸ್ಟೋರ್ ರೂಮಿಗೆ ಹೋಗುತ್ತವೆ, ಇರುವೆ ತಿಂದು ಪುಡಿ ಮಾಡುತ್ತವೆ, ಮುಂದಿನ ವರ್ಷ ಕಸಕ್ಕೆ. ಹಿಡಿಯಲು ಪುರಸೊತ್ತಿಲ್ಲದವರು ಸೀನಿಯರ್ ಬಾಕ್ಸ್ ಕೊಂಡು ಲೇಬಲ್ ಬದಲಾಯಿಸುತ್ತಾರೆ, ಹಿಡಿದ ತಾರೀಖು ಸುಳ್ಳು, ಊರು ಸುಳ್ಳು. ಇದರಿಂದ ಯಾವ ಕೀಟಶಾಸ್ತ್ರ ಬೆಳೆಯಿತು ಅಂತ ನೀವೇ ಹೇಳಿ. ನೂರು ತುಂಬಿಸುವ ಆತುರದಲ್ಲಿ ಹುಡುಗರು ಸುಂದರವಾಗಿ ಕಂಡದ್ದಕ್ಕೆಲ್ಲ ಬಲೆ ಬೀಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಚಿಟ್ಟೆಗಳೂ ಇವೆ ಅಂತ ನಮ್ಮ ಹುಡುಗಿಗೆ ಯಾರೂ ಹೇಳಿರಲಿಲ್ಲ.

ನನ್ನನ್ನು ತಪ್ಪು ತಿಳಿಯಬೇಡಿ. ಕೀಟವನ್ನು ಕೊಲ್ಲಲೇಬಾರದು ಅನ್ನುವವಳಲ್ಲ. ರಾತ್ರಿ ಸೊಳ್ಳೆ ಬ್ಯಾಟು ಹಿಡಿದು ಮನೆಯೆಲ್ಲ ಓಡಾಡುವವಳು ನಾನೇ, ಚಟ್ ಅಂದಾಗ ಸಮಾಧಾನವೂ ಆಗುತ್ತದೆ. 2018ರಲ್ಲಿ ನಮ್ಮ ರಾಜ್ಯದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತಲ್ಲ, ಇಡೀ ದೇಶದಲ್ಲೇ ಅದು ಮೊದಲು ಕಂಡದ್ದು ಕರ್ನಾಟಕದಲ್ಲಿ. ಅದು ಯಾವ ಹುಳ ಅಂತ ಗುರುತು ಹಿಡಿಯಲು ಮಾದರಿ ಬೇಕು, ಪತಂಗವನ್ನು ಬಿಡಿಸಿ ನೋಡಬೇಕು, ಡಿಎನ್‌ಎ ತೆಗೆಯಬೇಕು. ರೈತನ ಬೆಳೆಯ ಮುಂದೆ ಅಷ್ಟು ಹುಳ ಸತ್ತರೆ ನನ್ನ ತಕರಾರಿಲ್ಲ. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆ ಜೋಪಾನ ಮಾಡಿದ ಒಂದು ಮಾದರಿ ಐವತ್ತು ವರ್ಷ ಆದ ಮೇಲೂ ಕೆಲಸಕ್ಕೆ ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣುನೊಣಗಳ ತಳಿ ಕಾಪಾಡುವ ಕೇಂದ್ರ ಇದೆ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರು ನೊಣಕ್ಕೆ ವಾಸನೆ, ರುಚಿ ಹೇಗೆ ಗೊತ್ತಾಗುತ್ತದೆ ಅಂತ ವರ್ಷಗಟ್ಟಲೆ ಹುಡುಕಿದರು. ನಮ್ಮ ಮೈಯ ಗಡಿಯಾರ ಹೇಗೆ ನಡೆಯುತ್ತದೆ ಅನ್ನುವುದಕ್ಕೆ 2017ರಲ್ಲಿ ಬಂದ ನೊಬೆಲ್ ಕೂಡ ನೊಣದಿಂದಲೇ. ಇದನ್ನೆಲ್ಲ ನಿಲ್ಲಿಸಿ ಅಂತ ಕೇಳಿದರೆ ನನ್ನಂಥ ಮೂರ್ಖಳಿಲ್ಲ.

ಕೊಲ್ಲದೆ ಕಲಿಯುವ ದಾರಿಯೂ ನಮ್ಮಲ್ಲೇ ಇದೆ. ಐಐಎಸ್ಸಿಯ ರಾಘವೇಂದ್ರ ಗದಗಕರ್ ಅವರು ಕಣಜಗಳ ಮೈಮೇಲೆ ಬಣ್ಣದ ಚುಕ್ಕೆ ಇಟ್ಟು, ಒಂದೊಂದನ್ನೂ ಗುರುತಿಟ್ಟುಕೊಂಡು, ಗೂಡಿನ ಮುಂದೆ ಕೂತು ದಶಕಗಳ ಕಾಲ ನೋಡಿದರು. ಯಾರು ರಾಣಿ, ರಾಣಿ ಹೋದರೆ ಮುಂದೆ ಯಾರು, ಯಾರು ದುಡಿಯುತ್ತಾರೆ, ಯಾರು ಕೂತು ತಿನ್ನುತ್ತಾರೆ, ಇದೆಲ್ಲ ಗೊತ್ತಾಗಿದ್ದು ಬದುಕಿರುವ ಕಣಜದಿಂದ. ಪಿನ್ ಹೊಡೆದ ಕಣಜ ಇಷ್ಟು ಕಥೆ ಹೇಳುತ್ತಿತ್ತೇ?

ರಾಮನಗರದವಳು ಈ ಪತ್ರ ಬರೆದರೆ ಮೊದಲು ಬರುವ ಪ್ರಶ್ನೆ ರೇಷ್ಮೆಯದ್ದೇ, ಗೊತ್ತು. ಅಲ್ಲಿಗೂ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ನನ್ನ ಕಾಲೇಜು ಫೀಸು ಕಟ್ಟಿದ್ದು ಹುಳದ ದುಡ್ಡಿನಲ್ಲೇ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿನಲ್ಲಿ, ಅವ್ವ ನಮ್ಮನ್ನು ಆ ಕಡೆ ಸುಳಿಯಲು ಬಿಡುತ್ತಿರಲಿಲ್ಲ. ಹುಳ ಮನೆಯ ಹತ್ತಿರ ಯಾರಾದರೂ ಬೀಡಿ ಹಚ್ಚಿದರೆ ಮುಗೀತು ಅವರ ಕಥೆ. ನಡುರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದರು. ಹುಳ ಹಸಿದುಕೊಂಡಿದ್ದರೆ ತನಗೆ ನಿದ್ದೆ ಬರಲ್ಲ ಅನ್ನುತ್ತಿದ್ದರು. ಅದೇ ಹುಳ ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಏರಿ, ಗೂಡು ಕಟ್ಟಿದ ಮೇಲೆ ಮಾರ್ಕೆಟ್ಟಿಗೆ ಹೋಗುತ್ತಿತ್ತು, ಅಲ್ಲಿಂದ ಬಿಸಿನೀರಿಗೆ. ಮಾರ್ಕೆಟ್ಟಿಗೆ ಅಪ್ಪನ ಜೊತೆ ಎಷ್ಟೋ ಸಲ ಹೋಗಿದ್ದ ಅವ್ವ, ನೂಲು ಬಿಚ್ಚುವ ಕಡೆ ಒಂದು ಸಲವೂ ಕಾಲಿಡಲಿಲ್ಲ. ಯಾಕವ್ವಾ ಅಂತ ಕೇಳಿದರೆ "ನೋಡೋಕೇನೈತೆ ಅಲ್ಲಿ" ಅಂತ ಮಾತು ತಿರುಗಿಸುತ್ತಿದ್ದರು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಸಾವಿರಾರು ಮನೆಗಳ ಅನ್ನ ಅದರಲ್ಲಿದೆ, ನನ್ನ ಬೀರುವಿನಲ್ಲೂ ಮೂರು ರೇಷ್ಮೆ ಸೀರೆ ಇವೆ. ಆದರೆ ಅನ್ನದ ಪ್ರಶ್ನೆ ಬಗೆಹರಿಯುವವರೆಗೆ ಅಸೈನ್‌ಮೆಂಟಿನ ಪ್ರಶ್ನೆ ಕಾಯಬೇಕು ಅಂತೇನಿಲ್ಲ. ದುಂಬಿಯನ್ನು ಪಿನ್ನಿಗೆ ನೇತುಹಾಕಿದ್ದರಿಂದ ಯಾರ ಮನೆಯ ಒಲೆಯೂ ಉರಿಯಲಿಲ್ಲ.

ಈಗ ನನ್ನ ಕೇಳಿಕೆ. ಮುಂದಿನ ಸಲ ಸಿಲೆಬಸ್ ಪರಿಷ್ಕರಣೆಗೆ ಕೂತಾಗ ಮೊದಲು ಆ ನೂರು ಅನ್ನುವ ಸಂಖ್ಯೆಯನ್ನು ತೆಗೆಯಿರಿ. ಹತ್ತು ಜನರಿಗೆ ಒಂದು ಬಾಕ್ಸ್ ಕೊಡಿ. ಕೀಟಗಳ ಒಂದೊಂದು ಗಣಕ್ಕೆ, ಅಂದರೆ ದುಂಬಿ, ಚಿಟ್ಟೆ, ನೊಣದಂಥ ಒಂದೊಂದು ದೊಡ್ಡ ಗುಂಪಿಗೆ, ಒಂದೊಂದೇ ಮಾದರಿ ಸಾಕು, ಅದರಲ್ಲೂ ಬೀದಿ ದೀಪದ ಕೆಳಗೆ, ಕಿಟಕಿಯ ಅಂಚಿನಲ್ಲಿ ತಾವಾಗಿ ಸತ್ತು ಬಿದ್ದವು ಬೇಕಾದಷ್ಟು ಸಿಗುತ್ತವೆ. ಉಳಿದದ್ದಕ್ಕೆ ಫೋಟೋ ತೆಗೆಸಿ. ಇವತ್ತು ಪ್ರತಿ ಹುಡುಗನ ಕೈಯಲ್ಲೂ ಮೊಬೈಲ್ ಇದೆ. ಜಾಗ, ತಾರೀಖು, ಯಾವ ಗಿಡದ ಮೇಲೆ ಕೂತಿತ್ತು ಅನ್ನುವುದರ ಸಮೇತ ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂಥ ವೆಬ್‌ಸೈಟಿಗೆ ಹಾಕಿದರೆ ಅದು ನಿಜವಾದ ದಾಖಲೆ ಆಗುತ್ತದೆ, ಸ್ಟೋರ್ ರೂಮಿನ ಪುಡಿಗಿಂತ ಎಷ್ಟೋ ವಾಸಿ. ಸೀನಿಯರ್ ಬಾಕ್ಸಿನ ಕಳ್ಳತನವೂ ನಿಲ್ಲುತ್ತದೆ. ಹಿಡಿಯುವ ಮೊದಲು, ಹಿಡಿಯಬಾರದ ಚಿಟ್ಟೆ, ದುಂಬಿಗಳು ಯಾವುವು ಅಂತ ಒಂದು ಕ್ಲಾಸಾದರೂ ತೆಗೆದುಕೊಳ್ಳಿ.

ಎರಡನೆಯದು, ಕೊಲ್ಲಲೇಬೇಕಾದ ಕಡೆ ಹೇಗೆ ಕೊಲ್ಲಬೇಕು ಅನ್ನುವುದನ್ನು ಮ್ಯಾನುಯಲ್‌ನಲ್ಲಿ ಬರೆಯಿರಿ. ರೆಕ್ಕೆ ಮುರಿಯದ ಹಾಗೆ ಹೇಗೆ ಅಂತ ಅದರಲ್ಲಿ ಎರಡು ಪುಟ ಇದೆ. ಸತ್ತಿದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ ಅನ್ನುವುದಕ್ಕೆ ಒಂದು ಸಾಲೂ ನನಗೆ ಕಾಣಲಿಲ್ಲ. ದೊಡ್ಡ ದುಂಬಿಗೆ ಅರ್ಧ ಗಂಟೆಯ ಬಾಟಲಿ ಸಾಲದು ಅಂತ ನಮಗೆ ಗೊತ್ತಾಗಿದ್ದು ಆ ಬೆಳಿಗ್ಗೆ. ಅರಿವು ತಪ್ಪಿದ ಮೇಲೆ ಒಂದು ರಾತ್ರಿ ಪೂರ್ತಿ ಫ್ರೀಜರ್‌ನಲ್ಲಿ ಇಟ್ಟು, ಆಮೇಲೆ ಪಿನ್ ಹಾಕಿ ಅಂತ ಬರೆದರೆ ಕಾಲೇಜಿಗೆ ಒಂದು ಪೈಸೆ ಖರ್ಚಿಲ್ಲ. ಅರಿವಳಿಕೆ ಇಲ್ಲದಿದ್ದರೆ ಅವತ್ತಿನ ಪ್ರಾಕ್ಟಿಕಲ್ ಇಲ್ಲ, ಅದು ಹಾರುವ ನೊಣವಾದರೂ ಅಷ್ಟೇ, ಹಾರದ ಜಿರಳೆಯಾದರೂ ಅಷ್ಟೇ.

ಇನ್ನು ಸಂಶೋಧನೆ ಮಾಡುವ ವಿಭಾಗಗಳಲ್ಲಿ ಇಲಿಗೆ ತುಂಬುವಷ್ಟು ದೊಡ್ಡ ಫಾರಂ ಬೇಡ, ಒಂದೇ ಪುಟ ಸಾಕು. ಎಷ್ಟು ಕೀಟ, ಯಾಕೆ ಅಷ್ಟು, ಗಾಯ ಮಾಡುತ್ತೀರಾ, ಮಾಡಿದರೆ ನೋವು ತಗ್ಗಿಸಲು ಏನು ಮಾಡುತ್ತೀರಿ. ಪಿಎಚ್‌ಡಿ ಹುಡುಗರು ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಲು ಅರ್ಧ ಗಂಟೆ ಸಾಕು. ಬದಲಿ ಹುಡುಕು, ಸಂಖ್ಯೆ ತಗ್ಗಿಸು, ನೋವು ತಗ್ಗಿಸು ಅಂತ ಪ್ರಾಣಿ ಪ್ರಯೋಗಗಳ ಬಗ್ಗೆ ಬ್ರಿಟನ್ನಿನ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದು. ಇಲಿಗೆ ಇದನ್ನು ಒಪ್ಪಿಕೊಂಡವರು ನೀವೇ.

ಇದಕ್ಕೆ ಬರುವ ಒಂದು ಉತ್ತರ ನನಗೆ ಈಗಾಗಲೇ ಕೇಳಿಸುತ್ತಿದೆ. ದಿನಾ ಹೊಲಗಳಲ್ಲಿ ಔಷಧಿ ಹೊಡೆದು ಕೋಟಿಗಟ್ಟಲೆ ಹುಳ ಸಾಯುತ್ತವೆ, ನಿಮಗೆ ಈ 12,000ದ ಚಿಂತೆಯೇ ಮೇಡಂ? ಹೌದು, ಈ 12,000ದ ಚಿಂತೆಯೇ. ಹೊಲದ ಹುಳ ರೈತನ ಕೈ ಮೀರಿದ ಜಗಳ. ಈ 12,000 ಹುಳ ನೀವು ಒಂದು ಮೀಟಿಂಗಿನಲ್ಲಿ ಬರೆದ ಒಂದು ಸಾಲಿನಿಂದ ಸಾಯುತ್ತವೆ, ಇನ್ನೊಂದು ಮೀಟಿಂಗಿನಲ್ಲಿ ಅದನ್ನು ಹೊಡೆದು ಹಾಕಿದರೆ ಸಾಯುವುದಿಲ್ಲ. ಜೊತೆಗೆ ಅವು 19 ವರ್ಷದ ಮಕ್ಕಳ ಕೈಯಲ್ಲಿ ಸಾಯುತ್ತವೆ. ಆ ಮಕ್ಕಳಲ್ಲಿ ನಾಲ್ಕು ಜನರಿಗೆ ಕೈ ನಡುಗಿದರೆ, ನಡುಗಿದ್ದು ತಪ್ಪು ಅಂತ ಹೇಳಿಸಿಕೊಂಡು ಮುಂದೆ ಹೋಗುತ್ತಾರೆ. ನಾನೂ ಹಾಗೇ ಹೋದವಳು.

ನಮ್ಮ ದುಂಬಿಯನ್ನು ಪಿನ್ ಸಮೇತ ಕಿತ್ತು, ಒಂದು ಡಬ್ಬಿಯಲ್ಲಿಟ್ಟು ಫ್ರೀಜರ್‌ಗೆ ಹಾಕಿದೆ. ಕಾಯಿತುರಿಯ ಪಕ್ಕ. ಅವ್ವ ಬೈದರು. ಮಾರನೇ ದಿನ ತೆಗೆದಾಗ ಅಲುಗಾಡಲಿಲ್ಲ. ಹುಡುಗಿ ಅದನ್ನು ಮತ್ತೆ ಬಾಕ್ಸಿಗೆ ಹಾಕಿದಳು, ಆದರೆ ಲೇಬಲ್ಲಿನಲ್ಲಿ ತಾರೀಖಿನ ಕೆಳಗೆ ಸಣ್ಣಕ್ಷರದಲ್ಲಿ "ಪಿನ್ ಮಾಡಿದಾಗ ಜೀವವಿತ್ತು" ಅಂತ ಬರೆದಳು. ಅದಕ್ಕೆ ಮಾರ್ಕ್ಸ್ ಕಟ್ ಮಾಡುತ್ತಾರೇನೋ ಅಂತ ಅವಳಿಗೆ ಭಯ. ಬಾಕ್ಸ್ ಒಪ್ಪಿಸುವ ದಿನ ನಿಮ್ಮಲ್ಲಿ ಯಾರಾದರೂ ಪರೀಕ್ಷಕರಾಗಿ ಹೋದರೆ, ಮೂರನೇ ಸಾಲಿನಲ್ಲಿ ಬಲಗಡೆಯಿಂದ ಎರಡನೆಯದು, ಅದರ ಲೇಬಲ್ ಸ್ವಲ್ಪ ಓದಿ.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ,
ರಾಮನಗರ